ಕೂಸು ಹುಟ್ಟುವ ಮುನ್ನದ ಕುಲಾವಿ

2012ರಲ್ಲಿ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದೆ. ಸನಿವೇಲಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನನ್ನ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಬಜೆ, ಹಳೆ ಪಂಚೆ ಹರಿದು ಮಾಡಿದ ಮೆತ್ತನೆಯ ಬಟ್ಟೆ, ನಾನೇ ಹೊಲಿದ ಎರಡು ಕುಲಾವಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರನ್ನು ನಮ್ಮ ಕಡೆ ಆಡಿಕೊಳ್ಳುತ್ತಾರೆ. ಆದರೆ ಆರು ತಿಂಗಳ ವೀಸಾದೊಳಗೆ ಎಲ್ಲವನ್ನೂ ಹೊಂದಿಸಿಕೊಳ್ಳಬೇಕಾದ ಅಜ್ಜಿಯರಿಗೆ ಬೇರೆ ದಾರಿಯಿಲ್ಲ.

ಮಗುವಿಗೆ ಎಣ್ಣೆನೀರು ಹಾಕಿದ ಮೊದಲ ದಿನ ಸಾಂಬ್ರಾಣಿ ಹೊಗೆಗೆ ಕೆಂಡ ಹುಡುಕಿದೆ. ಮಗಳು ಸುಮ್ಮನೆ ಮೇಲೆ ಕೈ ತೋರಿಸಿದಳು. ತಾರಸಿಗೆ ಅಂಟಿಕೊಂಡ ಒಂದು ಬಿಳಿ ಬಿಲ್ಲೆ. "ಹೊಗೆ ಕಂಡ್ರೆ ಅದು ಬಾಯಿ ಬಡ್ಕೊಳುತ್ತಮ್ಮ. ಇಡೀ ಬಿಲ್ಡಿಂಗಿನವರು ಮಕ್ಕಳುಮರಿ ಎತ್ಕೊಂಡು ರಸ್ತೆಗೆ ಬರ್ತಾರೆ. ಬೇಡ."

ಇನ್ನೊಂದು ದಿನ ಮಗುವಿನ ಗಿಲಕಿ ಸೋಫಾದ ಸಂದಿಗೆ ಜಾರಿತು. ದಿಂಬು ಎತ್ತಿ ಕೈಹಾಕಿದಾಗ ಅಡಿಯಲ್ಲಿ ಹೊಲಿದ ಬಿಳಿ ಚೀಟಿಯೊಂದು ಕಂಡಿತು. ಈ ವಸ್ತು ಕ್ಯಾಲಿಫೋರ್ನಿಯಾದ ತಾಂತ್ರಿಕ ಪ್ರಕಟಣೆ 117ರ ಪ್ರಕಾರ ಬೆಂಕಿಯ ಪರೀಕ್ಷೆ ಪಾಸಾಗಿದೆ ಎಂಬರ್ಥದ ಒಕ್ಕಣೆ. ಮೇಲೆ ಕೂಗುವ ಬಿಲ್ಲೆ, ಕೆಳಗೆ ಉರಿಯದ ಸೋಫಾ. ಇಷ್ಟು ಜೋಪಾನ ಮಾಡುವ ಊರಿನಲ್ಲಿ ಕೂಸಿಗೆ ಏನಾದೀತು ಅಂದುಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಪಾಸಾಗಿದೆ ಎಂಬ ಮಾತನ್ನು ಬರೆಯುವುದು ಎಷ್ಟು ಸಲೀಸು ಎಂಬುದು ನನಗಾದರೂ ಗೊತ್ತಿರಬೇಕಿತ್ತು.

ಪರೀಕ್ಷೆ ಏನೆಂದರೆ, ಸೋಫಾದೊಳಗಿನ ಫೋಮಿಗೆ ಒಂದು ಸಣ್ಣ ಜ್ವಾಲೆಯನ್ನು ಹನ್ನೆರಡು ಸೆಕೆಂಡು ಹಿಡಿಯುವುದು. ಅದು ತಡೆದುಕೊಳ್ಳಬೇಕು. 1975ರಲ್ಲಿ ಬಂದ ನಿಯಮ. ಫೋಮ್ ಎನ್ನುವುದು ಪೆಟ್ರೋಲಿಯಂ ಮೂಲದ್ದು, ಬೆಂಕಿ ತಗುಲಿದರೆ ಧಗ್ಗನೆ ಹತ್ತುತ್ತದೆ. ಹಾಗಾಗಿ ಅದಕ್ಕೆ ಬೆಂಕಿ ತಡೆಯುವ ರಾಸಾಯನಿಕ ಬೆರೆಸಬೇಕಾಯಿತು. ಬಹುಕಾಲ ಬೆರೆಸಿದ್ದು ಪಿಬಿಡಿಇ ಎಂಬ ಬ್ರೋಮಿನ್ ಸಂಯುಕ್ತ, ಫೋಮಿನ ತೂಕದಲ್ಲಿ ನೂರಕ್ಕೆ ಐದರ ಆಸುಪಾಸು. ಕ್ಯಾಲಿಫೋರ್ನಿಯಾಕ್ಕೊಂದು, ಉಳಿದ ರಾಜ್ಯಗಳಿಗೊಂದು ಎಂದು ಎರಡು ಬಗೆಯ ಸೋಫಾ ಮಾಡುವ ತಾಪತ್ರಯ ಬೇಡವೆಂದು ಎಷ್ಟೋ ತಯಾರಕರು ಎಲ್ಲ ಕಡೆಗೂ ಅದನ್ನೇ ಮಾರಿದರು.

ಆದರೆ ಸೋಫಾದಲ್ಲಿ ಮೊದಲು ಉರಿಯುವುದು ಒಳಗಿನ ಫೋಮ್ ಅಲ್ಲ, ಮೇಲಿನ ಬಟ್ಟೆ. ಬಟ್ಟೆ ಹತ್ತಿ ಉರಿಯುವ ಹೊತ್ತಿಗೆ ಜ್ವಾಲೆ ದೊಡ್ಡದಾಗಿರುತ್ತದೆ. ಅಷ್ಟು ದೊಡ್ಡ ಬೆಂಕಿಗೆ ಫೋಮಿನಲ್ಲಿ ಔಷಧ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಂಕಿಯ ವಿಜ್ಞಾನವನ್ನೇ ಬದುಕಾಗಿಸಿಕೊಂಡ ವೈಟೆನಿಸ್ ಬಾಬ್ರಾಸ್ಕಸ್ ಇದನ್ನು ಬಿಡಿಸಿ ಹೇಳಿದ್ದಾರೆ. ಔಷಧದ ಪರವಾಗಿ ಕಂಪನಿಗಳು ಎತ್ತಿ ತೋರಿಸುತ್ತಿದ್ದದ್ದು ಅವರದೇ ಹಳೆಯ ಅಧ್ಯಯನವನ್ನು. ಅದನ್ನು ತಿರುಚಿದ್ದಾರೆ ಎಂದು ಅವರೇ ಹೇಳಬೇಕಾಯಿತು.

ಇನ್ನು ಸೋಫಾಕ್ಕೆ ಬೆಂಕಿ ಹತ್ತುತ್ತಿದ್ದದ್ದಾದರೂ ಏತರಿಂದ? ಸಿಗರೇಟಿನಿಂದ. ಸೇದುತ್ತಾ ನಿದ್ದೆ ಹೋದವರ ಬೆರಳಿನಿಂದ ಜಾರಿದ ತುಂಡು ದಿಂಬಿನ ಸಂದಿಯಲ್ಲಿ ಗಂಟೆಗಟ್ಟಲೆ ಹೊಗೆಯಾಡುತ್ತಿತ್ತು. ಎಳೆಯದೆ ಬಿಟ್ಟರೆ ತಾನೇ ಆರುವ ಸಿಗರೇಟು ಮಾಡಿ ಎಂದು ಕೇಳಿದಾಗ ತಂಬಾಕಿನ ಕಂಪನಿಗಳಿಗೆ ಅದು ಹಿಡಿಸಲಿಲ್ಲ. ಮಾತು ಪೀಠೋಪಕರಣಗಳ ಕಡೆ ತಿರುಗುವಂತೆ ನೋಡಿಕೊಂಡರು. ತಾನೇ ಆರುವ ಸಿಗರೇಟು ನ್ಯೂಯಾರ್ಕಿನಲ್ಲಿ ಕಡ್ಡಾಯವಾದದ್ದು 2004ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2007ರಲ್ಲಿ. ಅಲ್ಲಿಯವರೆಗೆ ಔಷಧ ಕುಡಿದದ್ದು ಸೋಫಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಬರೀ ಗಾದೆಯಲ್ಲ, ಅದೊಂದು ಸರಕಾರಿ ನೀತಿಯೂ ಆಗಬಲ್ಲದು.

ಈ ರಾಸಾಯನಿಕ ಫೋಮಿನ ಜತೆ ಬೆಸೆದುಕೊಂಡಿರುವುದಿಲ್ಲ. ಮೊಸರನ್ನದಲ್ಲಿ ಕರಗಿದ ಉಪ್ಪಿನಂತಲ್ಲ, ಮೇಲೆ ಉದುರಿಸಿದ ಚಟ್ನಿಪುಡಿಯಂತೆ. ಕೂತಾಗ, ಎದ್ದಾಗ ಅಷ್ಟಿಷ್ಟು ಹೊರಬಿದ್ದು ಮನೆಯ ಧೂಳಿನಲ್ಲಿ ಸೇರುತ್ತದೆ. ಧೂಳು ನೆಲಕ್ಕಿಳಿಯುತ್ತದೆ. ನೆಲದ ಮೇಲೆ ಯಾರು ಇರುತ್ತಾರೆ? ಅಂಬೆಗಾಲಿಡುವ ಕೂಸು, ಮತ್ತೆ ಬೆಕ್ಕು. ಒಂದು ಕೈಯನ್ನು ಬಾಯಿಗಿಡುತ್ತದೆ, ಇನ್ನೊಂದು ಮೈಯನ್ನೇ ನೆಕ್ಕಿಕೊಳ್ಳುತ್ತದೆ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಮನೆಬೆಕ್ಕುಗಳ ರಕ್ತ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಅದರಲ್ಲಿ ಪಿಬಿಡಿಇ ಪ್ರಮಾಣ ದೊಡ್ಡವರ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು.

ಗ್ರಹಣದ ದಿನ ಬಸುರಿಯನ್ನು ಒಳಗೆ ಕೂರಿಸಿ ಕಿಟಕಿ ಮುಚ್ಚುತ್ತಿದ್ದರು ನಮ್ಮ ಮನೆಯಲ್ಲಿ. ಕೇಡು ಹೊರಗಿನಿಂದ ಬರುತ್ತದೆ, ಒಳಗೆ ಸೇರಿಕೊಂಡರೆ ತಪ್ಪಿಸಿಕೊಳ್ಳಬಹುದು ಎಂಬುದು ಅದರ ಹಿಂದಿನ ಲೆಕ್ಕ. ಧೂಳಿನ ಲೆಕ್ಕ ಅದಕ್ಕೆ ತಿರುವುಮುರುವು. ಕಿಟಕಿ ಮುಚ್ಚಿದಷ್ಟೂ ಧೂಳು ಒಳಗೇ ಉಳಿಯುತ್ತದೆ. ಮನೆ ಮೆತ್ತಗಿದ್ದಷ್ಟೂ, ಕಾರ್ಪೆಟ್ಟು, ದಿಂಬು, ಹಾಸಿಗೆ ಹೆಚ್ಚಿದಷ್ಟೂ ಅದೂ ಹೆಚ್ಚು. ತಾಯಿಯ ಮೈಯ ಕೊಬ್ಬಿನಲ್ಲಿ ಕೂತದ್ದು ರಕ್ತಕ್ಕೆ ಬರುತ್ತದೆ, ಮಾಸನ್ನು ದಾಟಿ ಹೊಕ್ಕುಳಬಳ್ಳಿಯ ಮೂಲಕ ಇಳಿಯುತ್ತದೆ. ಗಂಡೋ ಹೆಣ್ಣೋ ತಿಳಿಯುವುದಕ್ಕಿಂತ ಮೊದಲೇ ಕೂಸಿಗೆ ಕುಲಾವಿ ತೊಡಿಸಿ ಆಗಿರುತ್ತದೆ.

ಸನಿವೇಲಿನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ ಹೋದರೆ ಸಲಿನಾಸ್ ಕಣಿವೆ. ಅಮೆರಿಕದ ಸೊಪ್ಪಿನ ಬುಟ್ಟಿ ಎನ್ನಬಹುದು. ಎಲ್ಲಿ ನೋಡಿದರೂ ಲೆಟ್ಯೂಸು, ಸ್ಟ್ರಾಬೆರಿ, ಬಗ್ಗಿದ ಬೆನ್ನುಗಳು. ಹೊಲದಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೊದಿಂದ ಬಂದವರು. 1999 ಮತ್ತು 2000ರಲ್ಲಿ ಬರ್ಕಲಿ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ಮತ್ತು ಅವರ ತಂಡ ಅಲ್ಲಿನ ಸುಮಾರು ಆರುನೂರು ಬಸುರಿ ಹೆಂಗಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅಧ್ಯಯನದ ಉದ್ದ ಹೆಸರನ್ನು ಮೊಟಕು ಮಾಡಿದರೆ 'ಚಮಾಕೋಸ್'. ಮೆಕ್ಸಿಕೊದ ಆಡುಮಾತಿನಲ್ಲಿ ಅದಕ್ಕೆ ಚಿಳ್ಳೆಪಿಳ್ಳೆಗಳು ಎಂದರ್ಥ. ಹುಡುಕಲು ಹೊರಟದ್ದು ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು. ಆದರೆ ಸೀಸೆಯಲ್ಲಿ ಕಾಪಿಟ್ಟ ರಕ್ತ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ. ಅದೇ ರಕ್ತದಲ್ಲಿ ಪಿಬಿಡಿಇಯನ್ನೂ ಅಳೆದರು.

2011ರಲ್ಲಿ ಪ್ರಕಟವಾದ ಅಂಕಿಗಳು ಇವು. ಸಲಿನಾಸಿನ ಏಳು ವರ್ಷದ ಮಕ್ಕಳ ರಕ್ತದಲ್ಲಿದ್ದ ಪಿಬಿಡಿಇ, ಅವರ ತಾಯಂದಿರು ಬಸುರಿಯಾಗಿದ್ದಾಗ ಇದ್ದುದರ ಮೂರು ಪಟ್ಟು. ಆ ತಾಯಂದಿರು ಬಿಟ್ಟುಬಂದ ಮೆಕ್ಸಿಕೊದ ಸೀಮೆಯಲ್ಲೇ ಬೆಳೆಯುತ್ತಿದ್ದ ಐದು ವರ್ಷದ ಮಕ್ಕಳಿಗಿಂತ ಏಳು ಪಟ್ಟು. ಮೂಲದ ಸೀಮೆ ಒಂದೇ. ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದ ತಾಯಂದಿರಲ್ಲಿ ಪ್ರಮಾಣವೂ ಹೆಚ್ಚು. ಒಳ್ಳೆಯ ಬಾಳಿಗೆಂದು ಗಡಿ ದಾಟಿದವರು, ಮೊದಲ ಸಂಬಳದಲ್ಲಿ ಹಳೆಯದೋ ಮುರುಕಲೋ ಒಂದು ಸೋಫಾ ಕೊಂಡವರು. ನನ್ನ ಮಗಳೂ ಕೊಂಡದ್ದು ಸೆಕೆಂಡ್ ಹ್ಯಾಂಡ್ ಸೋಫಾವನ್ನೇ.

ನಾನು ಅಲ್ಲಿದ್ದಾಗಲೇ, 2012ರ ಕೊನೆಯಲ್ಲಿ, ಮುಂದಿನ ಕಂತು ಹೊರಬಂತು. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಪಿಬಿಡಿಇ ಹೆಚ್ಚಿದ್ದ ಮಕ್ಕಳಿಗೆ ಐದನೇ ವಯಸ್ಸಿನಲ್ಲಿ ಗಮನ ಕಮ್ಮಿ. ಬೆರಳುಗಳ ನಾಜೂಕು ಕೆಲಸ ತುಸು ಒರಟು. ಏಳರ ಹೊತ್ತಿಗೆ ಬುದ್ಧಿಮಾಪನದ ಅಂಕಗಳಲ್ಲೂ ಇಳಿತ. ಎರಡು ವರ್ಷ ಹಿಂದೆ ನ್ಯೂಯಾರ್ಕಿನ ಹೊಕ್ಕುಳಬಳ್ಳಿಯ ರಕ್ತವೂ ಇದೇ ಧಾಟಿಯಲ್ಲಿ ಮಾತಾಡಿತ್ತು. ಏಕೆ ಹೀಗೆ ಎನ್ನುವುದಕ್ಕೆ ಒಂದು ಸುಳಿವು ಈ ಅಣುವಿನ ಆಕಾರದಲ್ಲೇ ಇದೆ. ಎರಡು ಉಂಗುರ, ನಡುವೆ ಆಮ್ಲಜನಕದ ಕೊಂಡಿ. ಬ್ರೋಮಿನ್ ಕೂತಿರುವ ಕಡೆ ಅಯೋಡಿನ್ ಇಟ್ಟರೆ ಥೈರಾಯ್ಡ್ ಹಾರ್ಮೋನಿನ ಚಹರೆ ಕಾಣುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಕೂಸಿನ ಮಿದುಳು ನೆಚ್ಚಿಕೊಂಡಿರುವುದು ತಾಯಿಯ ಥೈರಾಯ್ಡನ್ನು. ಅದೇ ಹೊತ್ತಿಗೆ ಅದೇ ಮುಖದ ಇನ್ನೊಬ್ಬ ಬಾಗಿಲಿಗೆ ಬಂದು ನಿಂತರೆ ಏನಾದೀತು?

ಇಲ್ಲಿ ಕೈ ಸ್ವಲ್ಪ ತಡೆದು ಬರೆಯಬೇಕು. ಇವೆಲ್ಲ ನೂರಾರು ಮಕ್ಕಳ ಸರಾಸರಿಯಿಂದ ತಿಳಿದ ಸಂಬಂಧಗಳು. ಇಗೋ ಈ ಹುಡುಗನ ಮರೆವಿಗೆ ಆ ಸೋಫಾ ಕಾರಣ ಎಂದು ಜಗತ್ತಿನ ಯಾವ ವಿಜ್ಞಾನಿಯೂ ಹೇಳಲಾರರು. ವಿಷಯದ ಆಳ ಇರುವುದೇ ಅಲ್ಲಿ ಎಂದು ನನಗೆ ಆಮೇಲಾಮೇಲೆ ಹೊಳೆಯಿತು. ಅದಕ್ಕೆ ಬರುವ ಮೊದಲು ಹಾಲಿನ ಮಾತು.

ಒಲೆಯ ಬೆಂಕಿಯಿಂದ ಶುರುವಾಗಿ ತಾಯಿಯ ಹಾಲಿಗೆ ಬಂದು ಮುಟ್ಟುವ ಬಸವಣ್ಣನ ವಚನ ಕನ್ನಡಿಗರಿಗೆಲ್ಲ ಬಾಯಿಪಾಠ. ತಾಯಿಯ ಹಾಲಿನಲ್ಲೂ ಪಿಬಿಡಿಇ ಸಿಕ್ಕಿತೆಂಬ ಸುದ್ದಿ ಓದಿದ ಯಾವ ಕನ್ನಡಿಗನಿಗೂ ಅದು ನೆನಪಾಗದೆ ಇರದು. ಆದರೆ ಅದನ್ನು ಇಲ್ಲಿ ತಂದು ಬಾಣಂತಿಯರನ್ನು ಹೆದರಿಸುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಸ್ಟಾಕ್‌ಹೋಮಿನಲ್ಲಿ ತಾಯಂದಿರ ಹಾಲನ್ನು ವರ್ಷವರ್ಷವೂ ಸಂಗ್ರಹಿಸಿ ಇಡುವ ಪದ್ಧತಿಯಿತ್ತು. 1972ರಿಂದ 1997ರವರೆಗಿನ ಆ ಹಾಲನ್ನು ಪರೀಕ್ಷಿಸಿದಾಗ ಪಿಬಿಡಿಇ ಐದೈದು ವರ್ಷಕ್ಕೆ ಇಮ್ಮಡಿಯಾಗುತ್ತ ಬಂದದ್ದು ಕಂಡಿತು. ಹಳೆಯ ವಿಷಗಳು ಹಾಲಿನಲ್ಲಿ ಇಳಿಯುತ್ತಿದ್ದ ಕಾಲದಲ್ಲಿ ಇದೊಂದು ಮಾತ್ರ ಏರುತ್ತಿತ್ತು. ಯುರೋಪ್ ಎಚ್ಚೆತ್ತದ್ದು ಆಗ. 2004ರಲ್ಲಿ ಅಲ್ಲಿ ಎರಡು ಬಗೆಯ ಪಿಬಿಡಿಇ ನಿಷೇಧವಾದವು. ಅದೇ ವರ್ಷದ ಕೊನೆಗೆ ಅಮೆರಿಕದ ತಯಾರಕರೂ ಅವನ್ನು ನಿಲ್ಲಿಸಿದರು. 2009ರಲ್ಲಿ ಇಂಥ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಹಾಲು ಇಲ್ಲಿ ಅಪರಾಧಿಯಲ್ಲ, ಸಾಕ್ಷಿ. ಯಾವ ಕಾರ್ಖಾನೆಯ ಕಡತವೂ ಹೇಳದ ಸತ್ಯವನ್ನು ಹೇಳಿದ್ದು ಅದು. ಮೊಲೆಹಾಲಿನಿಂದ ಆಗುವ ಒಳಿತು ದೊಡ್ಡದು, ಕುಡಿಸುವುದನ್ನು ಬಿಡಬೇಡಿ ಎಂದೇ ವೈದ್ಯರು ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ.

ಈಗ ಎರಡು ಮಕ್ಕಳ ಕಥೆ. ಎರಡೂ ಇಲ್ಲದ ಮಕ್ಕಳು.

ಮೊದಲನೆಯ ಮಗು ಹುಟ್ಟಿದ್ದು ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ, ಶಾಸಕರ ಎದುರು. 2011ರಲ್ಲಿ 117ನೇ ನಿಯಮವನ್ನು ಸಡಿಲಿಸುವ ಮಾತು ನಡೆದಾಗ ಸಿಯಾಟಲ್‌ನ ಹೆಸರಾಂತ ಸುಟ್ಟಗಾಯದ ವೈದ್ಯ ಡೇವಿಡ್ ಹೈಂಬಾಕ್ ಸಾಕ್ಷಿ ಹೇಳಲು ಬಂದರು. ಏಳು ವಾರದ ಹೆಣ್ಣು ಕೂಸು. ಔಷಧವಿಲ್ಲದ ದಿಂಬಿನ ಮೇಲೆ ಮಲಗಿತ್ತು. ಮೇಣದ ಬತ್ತಿಯ ಬೆಂಕಿ ತಗುಲಿತು. ಬದುಕಲಿಲ್ಲ. ಇಂಥ ಕಥೆ ಕೇಳಿದ ಮೇಲೆ ಔಷಧ ಬೇಡ ಎಂದು ಕೈ ಎತ್ತುವವರು ಯಾರು? ಮಸೂದೆ ಬಿದ್ದುಹೋಯಿತು. ಮರುವರ್ಷ 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆ ಹುಡುಕಿ ನೋಡಿದರೆ ಅಂಥ ಕೂಸೇ ಇರಲಿಲ್ಲ. ವೈದ್ಯರನ್ನು ಕರೆಸಿದ್ದ, ಅವರಿಗೆ ಹಣ ಕೊಟ್ಟಿದ್ದ 'ನಾಗರಿಕರ' ಸಂಘದ ಹಿಂದೆ ಇದ್ದದ್ದು ಈ ರಾಸಾಯನಿಕಗಳ ಮೂರು ದೊಡ್ಡ ತಯಾರಕ ಕಂಪನಿಗಳು.

ಸುಳ್ಳು ಹೇಳಿದರು ಎಂದು ಸಿಟ್ಟಾಗಿ ಮುಗಿಸಿಬಿಡಬಹುದು. ನನ್ನನ್ನು ಕಾಡಿದ್ದು ಬೇರೆ. ಆ ಇಲ್ಲದ ಕೂಸನ್ನು ಶಾಸಕರೆಲ್ಲ ಕಣ್ಣಾರೆ ಕಂಡರಲ್ಲ! ಏಕೆಂದರೆ ಬೆಂಕಿಯ ಹಾನಿಗೆ ಮುಖವಿದೆ. ಸುಟ್ಟ ಕಲೆಯ ಮೇಲೆ ಬೆರಳಿಟ್ಟು ಇಗೋ ಇದು, ಇಂಥ ದಿನ ಆಯಿತು ಎನ್ನಬಹುದು. ಬೆಂಕಿ ನಿಜವೂ ಹೌದು. ನಮ್ಮಲ್ಲಿ ಸುಟ್ಟಗಾಯದ ವಾರ್ಡಿನಲ್ಲಿ ಒಂದು ಹಗಲು ಕೂತವರು ಬೆಂಕಿಯನ್ನು ಹಗುರವಾಗಿ ಕಾಣುವುದಿಲ್ಲ. ನನ್ನಮ್ಮ ನನ್ನನ್ನು ಹೆತ್ತ ಕೋಣೆಯಲ್ಲಿ ಮಂಚದ ಕೆಳಗೇ ಕೆಂಡದ ಅಗ್ಗಿಷ್ಟಿಕೆ ಇರುತ್ತಿತ್ತಂತೆ, ಪಕ್ಕದಲ್ಲಿ ಕಣ್ಣು ಮುಚ್ಚದೆ ಕೂತ ಅಜ್ಜಿ. ಅದನ್ನು ಹಾಡಿ ಹೊಗಳಲಾರೆ. ಆ ಹೊಗೆ ಎಷ್ಟು ಎಳೆಯ ಪುಪ್ಪುಸಗಳಿಗೆ ಇಳಿಯಿತೋ. ಆದರೆ ಅಲ್ಲಿ ಕಾವಲು ಎಂದರೆ ಒಬ್ಬ ಹೆಂಗಸಿನ ಕಣ್ಣು. ಹೊಗೆ ಕಂಡರೆ ಕೂಗುವ ಬಿಲ್ಲೆಯೂ ಒಂಥರಾ ಆ ಅಜ್ಜಿಯೇ. ಅಮೆರಿಕದಲ್ಲಿ ಬೆಂಕಿಯ ಸಾವುಗಳು ಇಳಿಯುವುದಕ್ಕೆ ಆ ಬಿಲ್ಲೆ ದೊಡ್ಡ ಕಾರಣ, ಸಿಗರೇಟು ಬಿಟ್ಟವರು ಇನ್ನೊಂದು ಕಾರಣ. ಸೋಫಾದೊಳಗಿನ ಔಷಧ ಮಾತ್ರ ಕಾವಲಲ್ಲ. ಕಾವಲು ಕಾಯುತ್ತಿದ್ದೇವೆ ಎಂಬ ಚೀಟಿ ಅಷ್ಟೆ.

ಎರಡನೆಯ ಇಲ್ಲದ ಮಗುವಿಗೆ ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಅದು ಸಲಿನಾಸಿನ ಒಂದೊಂದು ಮಗುವಿನ ಪಕ್ಕದಲ್ಲೂ ನಿಂತಿದೆ. ಆ ರಾಸಾಯನಿಕ ಒಳಗೆ ಹೋಗದೆ ಇದ್ದಿದ್ದರೆ ಈ ಹುಡುಗ, ಈ ಹುಡುಗಿ ಏನಾಗಿರುತ್ತಿದ್ದರೋ ಅದು. ಪುಸ್ತಕದ ಮುಂದೆ ಇನ್ನೊಂದು ಹತ್ತು ನಿಮಿಷ ಹೆಚ್ಚು ಕೂರುತ್ತಿದ್ದ ಹುಡುಗ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದ ಹುಡುಗಿ. ಇವರನ್ನು ಯಾರೂ ನೋಡಿಲ್ಲ, ನೋಡಲು ಬರುವುದೂ ಇಲ್ಲ. ಕಣ್ಣು ಕಳೆದುಕೊಂಡವನಿಗೆ ಕಣ್ಣಿತ್ತು ಎಂಬ ನೆನಪಿರುತ್ತದೆ. ಹುಟ್ಟುವ ಮೊದಲೇ ಕಳೆದುಕೊಂಡದ್ದಕ್ಕೆ ನೆನಪೇ ಇಲ್ಲ. ಹಾಗಾಗಿ ದೂರೂ ಇಲ್ಲ, ದುಃಖವೂ ಇಲ್ಲ. ತಾನಿರುವುದೇ ಹೀಗೆ ಎಂದುಕೊಂಡು ಆ ಮಗು ಬೆಳೆಯುತ್ತದೆ. ತಾಯಿಯೂ ಹಾಗೆಯೇ ಎಂದುಕೊಳ್ಳುತ್ತಾಳೆ. ಕಳೆದುಕೊಂಡವರಿಲ್ಲದ ಈ ನಷ್ಟವನ್ನು ಯಾವ ಖಾತೆಗೆ ಬರೆಯುವುದು?

ಮೂವತ್ತು ವರ್ಷ ನಾನು ಎಷ್ಟು ಮಕ್ಕಳ ಪ್ರಗತಿಪತ್ರದಲ್ಲಿ 'ಗಮನ ಸಾಲದು' ಎಂದು ಬರೆದಿದ್ದೇನೋ ಲೆಕ್ಕವಿಲ್ಲ. ಕೆಂಪು ಶಾಯಿ, ಕೆಳಗೆ ಸಹಿ. ಎಲ್ಲಿ ಹೋಯಿತು ಗಮನ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಸೋಮಾರಿ ಎಂದೆ, ತುಂಟ ಎಂದೆ, ಒಮ್ಮೊಮ್ಮೆ ಅಪ್ಪನನ್ನು ಕರೆಸಿ ಬೈದೆ. ನಮ್ಮ ಹಳ್ಳಿಯ ಮಕ್ಕಳ ಮನೆಯಲ್ಲಿ ಆಗ ಸೋಫಾ ಇರಲಿಲ್ಲ ನಿಜ. ಆದರೆ ಪೆಟ್ರೋಲಿನಲ್ಲಿ ಸೀಸ ಇತ್ತು, ಬಣ್ಣದಲ್ಲಿ ಸೀಸ ಇತ್ತು, ಒಲೆಯ ಹೊಗೆ ಇತ್ತು. ಮಕ್ಕಳು ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಸೋಫಾಕ್ಕೆ ಔಷಧ ಬೆರೆಸಿದ್ದು ತಿಳಿಯದೆ ಆದ ತಪ್ಪೂ ಅಲ್ಲ. ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಕ್ಕಳ ರಾತ್ರಿಯುಡುಪಿಗೆ ಟ್ರಿಸ್ ಎಂಬ ಔಷಧ ಹಾಕುತ್ತಿದ್ದರು. 1977ರಲ್ಲಿ ಆರ್ಲೀನ್ ಬ್ಲಮ್, ಬ್ರೂಸ್ ಏಮ್ಸ್ ಎಂಬ ಇಬ್ಬರು ವಿಜ್ಞಾನಿಗಳು ಇದು ಕ್ಯಾನ್ಸರ್ ತರಬಹುದು ಎಂದು ಬರೆದರು. ಆ ವರ್ಷವೇ ಅದು ನಿಷೇಧವಾಯಿತು. ಮಿಕ್ಕ ಉಡುಪುಗಳಲ್ಲಿ ಒಂದಷ್ಟು ಬೇರೆ ದೇಶಗಳಿಗೆ ಸಾಗಿದವು. ರಫ್ತು ನಿಂತದ್ದು 1978ರಲ್ಲಿ. ಅದರ ಜಾಗಕ್ಕೆ ಬಂದ ಕ್ಲೋರಿನ್ ಟ್ರಿಸ್ ಕೂಡ ಅದೇ ಜಾತಿಯದು ಎಂದು ಗೊತ್ತಾಗಿ ಉಡುಪಿನಿಂದ ಹೋಯಿತು. (ಈ ಬ್ಲಮ್ ಅವರೇ 1978ರಲ್ಲಿ ಅಮೆರಿಕದ ಹೆಂಗಸರ ತಂಡ ಕಟ್ಟಿಕೊಂಡು ಅನ್ನಪೂರ್ಣಾ ಶಿಖರಕ್ಕೆ ಹೋದವರು. ಮೂವತ್ತು ವರ್ಷದ ಮೇಲೆ ಮತ್ತೆ ಇದೇ ಕೆಲಸಕ್ಕೆ ಇಳಿಯಬೇಕಾಗಿ ಬಂತು.) 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಹೀದರ್ ಸ್ಟೇಪಲ್‌ಟನ್ ಮತ್ತು ಜತೆಗಾರರು ಎಳೆಯ ಮಕ್ಕಳ 101 ವಸ್ತುಗಳ ಫೋಮನ್ನು ಪರೀಕ್ಷಿಸಿದರು. ಕಾರಿನ ಸೀಟು, ಹಾಲೂಡಿಸುವ ದಿಂಬು, ಡಯಾಪರ್ ಬದಲಿಸುವ ಹಾಸು. ನೂರಕ್ಕೆ 80ರಲ್ಲಿ ಬೆಂಕಿ ತಡೆಯುವ ರಾಸಾಯನಿಕ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಅದೇ ಕ್ಲೋರಿನ್ ಟ್ರಿಸ್. ಅಂಗಿ ಬಿಟ್ಟು ಹಾಸಿಗೆಗೆ ಬಂದಿತ್ತು.

2013ರಲ್ಲಿ 117ನೇ ನಿಯಮವನ್ನು ತಿದ್ದಿದರು. ಜ್ವಾಲೆಯ ಪರೀಕ್ಷೆ ಹೋಗಿ, ಹೊಗೆಯಾಡುವ ಸಿಗರೇಟನ್ನು ಮೇಲಿನ ಬಟ್ಟೆ ತಡೆಯುತ್ತದೆಯೇ ಎಂಬ ಪರೀಕ್ಷೆ ಬಂತು. ಅದಕ್ಕೆ ರಾಸಾಯನಿಕ ಬೇಕಾಗಿಲ್ಲ. ಅಷ್ಟು ಹೊತ್ತಿಗಾಗಲೇ, ಪಿಬಿಡಿಇ ನಿಂತ ಮೇಲೆ, ಸ್ಯಾನ್‌ಫ್ರಾನ್ಸಿಸ್ಕೊದ ಬಸುರಿಯರ ರಕ್ತದಲ್ಲಿ ಅದರ ಪ್ರಮಾಣ ಮೂರು ವರ್ಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಬಿಟ್ಟರೆ ಬಿಡುತ್ತದೆ ಎನ್ನುವುದೊಂದು ಸಮಾಧಾನ.

ನಮ್ಮ ದೇಶದಲ್ಲಿ ಸೋಫಾಕ್ಕಿಂತ ಹೆಚ್ಚು ಯೋಚನೆ ಮಾಡಬೇಕಾದದ್ದು ಇ-ತ್ಯಾಜ್ಯದ ಬಗ್ಗೆ. ಹಳೆ ಟಿವಿ, ಕಂಪ್ಯೂಟರುಗಳ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಇದೇ ಬ್ರೋಮಿನ್ ಬಳಗ ತುಂಬಿದೆ. ಹೊಸ ಉಪಕರಣಗಳಲ್ಲಿ ಪಿಬಿಡಿಇ ಶೇಕಡಾ 0.1ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ನಮ್ಮಲ್ಲೂ ಇದೆ, 2018ರಲ್ಲಿ ಕೆಲವು ಬಗೆಗಳನ್ನು ನಿಷೇಧಿಸಿದ್ದೂ ಆಗಿದೆ. ಆದರೆ ಬೆಂಗಳೂರು ಇಪ್ಪತ್ತೈದು ವರ್ಷ ಬಳಸಿ ಎಸೆದ ಕಂಪ್ಯೂಟರುಗಳಲ್ಲಿ ಎಷ್ಟೋ ಗುಜರಿಯ ಸಣ್ಣ ಶೆಡ್ಡುಗಳಲ್ಲೇ ಬಿಚ್ಚಿಕೊಂಡವು, ಬಿಚ್ಚಿದವರು ಕೈಗವಸು ಕಾಣದವರು. ಅಂಥ ಪ್ಲಾಸ್ಟಿಕ್ ಕರಗಿ ಅಗ್ಗದ ಆಟಿಕೆಯಾಗಿ ಮರಳುವುದನ್ನು ಹಲವು ದೇಶಗಳ ಪರೀಕ್ಷೆಗಳು ತೋರಿಸಿವೆ. ಆಟಿಕೆಗೆ ಬೆಂಕಿಯ ಭಯ ಯಾಕೆ? ಯಾರೂ ಬಯಸದೆ ಬಂದು ಸೇರಿದ್ದು ಅದು.

ಮಗಳು ಆ ಸೋಫಾವನ್ನು ಬಿಸಾಡಿದಳು. ಬೇರೆ ಯಾರೂ ಮನೆಗೆ ಎತ್ತಿಕೊಂಡು ಹೋಗದಿರಲಿ ಎಂದು ಅಳಿಯ ಅದರ ಬಟ್ಟೆಯನ್ನು ಚಾಕುವಿನಿಂದ ಸೀಳಿಟ್ಟ. ನಾನು ಊರಿಗೆ ಹೊರಡುವವರೆಗೂ ದಿನಾ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದೆ, ಉಣ್ಣಿಸುವ ಮೊದಲು ಮಗುವಿನ ಕೈ ತೊಳೆದೆ. ಧೂಳಿಗೆ ಅದಕ್ಕಿಂತ ದೊಡ್ಡ ಮದ್ದು ಯಾರೂ ಹೇಳಿಲ್ಲ. ಹೊಸ ಸೋಫಾ ಬಂದಾಗ ಅದರ ಚೀಟಿಯ ಫೋಟೊ ಕಳಿಸಿದಳು. ಆ ಚೀಟಿಯಲ್ಲಿ ಎರಡು ಮನೆಗಳಿದ್ದವು: ರಾಸಾಯನಿಕ ಸೇರಿಸಿದೆ, ಸೇರಿಸಿಲ್ಲ. ಸೇರಿಸಿಲ್ಲ ಎಂಬಲ್ಲಿ ಗುರುತಿತ್ತು.

ಮೊಮ್ಮಗ ಈಗ ಮಿಡ್ಲ್ ಸ್ಕೂಲಿನಲ್ಲಿದ್ದಾನೆ. ಗಣಿತದಲ್ಲಿ ಚುರುಕು, ಚೆಲ್ಲೊ ನುಡಿಸುತ್ತಾನೆ. ಹೋದ ತಿಂಗಳು ಅವನ ಮೇಷ್ಟರು ಮಗಳಿಗೆ ಬರೆದಿದ್ದರಂತೆ, ತರಗತಿಯಲ್ಲಿ ಗಮನ ಸ್ವಲ್ಪ ಸಾಲದು ಎಂದು. ಆ ವಯಸ್ಸಿನಲ್ಲಿ ಹುಡುಗರೆಲ್ಲ ಹಾಗೇ, ಅಂದೆ ನಾನು ಫೋನಿನಲ್ಲಿ.